ಗಡಿಯಾಚೆ ಸತ್ತ ಮಂಗನ ಸುದ್ದಿ

ನಮ್ಮ ಸೊಪ್ಪಿನ ಬೆಟ್ಟದ ತಲೆಯಲ್ಲಿ ಒಂದು ಹಳೆಯ ಅಗಳ, ಎಂದರೆ ಉದ್ದನೆಯ ಕಂದಕ, ಇದೆ. ಅಗಳದ ಈಚೆ ಉತ್ತರ ಕನ್ನಡದ ಸಿದ್ದಾಪುರ ತಾಲೂಕು, ಆಚೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕು. ಮಳೆಗಾಲದಲ್ಲಿ ನೀರು ಹರಿದು, ಬೇಸಿಗೆಯಲ್ಲಿ ಒಣಗಿ ಉದುರಿದ ಎಲೆ, ಎಂದರೆ ದರಕು, ತುಂಬಿ, ಅದು ಎರಡು ಜಿಲ್ಲೆಗಳ ಗಡಿಯೆಂಬುದು ಕಂದಾಯದ ನಕ್ಷೆ ಬಿಡಿಸಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ಕೆಲವು ವರ್ಷಗಳ ಹಿಂದಿನ ಒಂದು ಜನವರಿಯಲ್ಲಿ ಆ ಅಗಳದಿಂದ ಇಪ್ಪತ್ತು ಮಾರು ಆಚೆ, ಮತ್ತಿ ಮರವೊಂದರ ಬುಡದಲ್ಲಿ, ಒಂದು ಮುಸಿಯ, ಕಪ್ಪು ಮೋರೆಯ ಉದ್ದ ಬಾಲದ ಮಂಗ, ಸತ್ತು ಬಿದ್ದಿತ್ತು.

ಅದನ್ನು ಮೊದಲು ಕಂಡವರು ದರಕು ಗುಡಿಸಲು ಹೋಗಿದ್ದ ನಮ್ಮೂರಿನ ಮೂವರು ಹೆಂಗಸರು. ಮಗ್ಗುಲಾಗಿ ಮಲಗಿದಂತೆ ಬಿದ್ದಿತ್ತು, ಮೈಮೇಲೆ ಗಾಯವಿರಲಿಲ್ಲ, ನಾಯಿ ಕಚ್ಚಿದ ಗುರುತೂ ಇರಲಿಲ್ಲ, ಕಿವಿಯ ಅಂಚಿಗೆ ಮಾತ್ರ ಯಾರೋ ಎಳ್ಳುಕಾಳು ಅಂಟಿಸಿದಂತೆ ರಕ್ತ ಹೀರುವ ಸಣ್ಣ ಉಣುಗುಗಳು ಸಾಲಾಗಿ ಕೂತಿದ್ದವು ಎಂದು ಅವರಲ್ಲೊಬ್ಬರು ನನಗೆ ಹೇಳಿದರು. ಕಿವಿಯ ಅಂಚು ಕಾಣುವಷ್ಟು ಹತ್ತಿರ ಅವರು ಹೋಗಬಾರದಿತ್ತು. ಆದರೆ ಹೋಗಬಾರದೆಂದು ಆ ವರ್ಷ ಅವರಿಗೆ ಯಾರೂ ಹೇಳಿರಲಿಲ್ಲ.

ಸಂಜೆ ನಾನು ಫೋನ್ ಮಾಡಿದೆ. ನಮ್ಮ ಕಡೆಯ ಕಚೇರಿಯವರು ಜಾಗ ಎಲ್ಲಿ ಎಂದು ಕೇಳಿ, ಅದು ಅವರ ಜಿಲ್ಲೆಗೆ ಬರುತ್ತದೆ, ಅವರಿಗೇ ತಿಳಿಸಿ ಎಂದರು. ಆಚೆ ಕಡೆಯ ಕಚೇರಿಯವರು ತಮ್ಮ ಗ್ರಾಮದಿಂದ ಅಂಥ ದೂರು ಬಂದಿಲ್ಲ, ಬಂದರೆ ನೋಡುತ್ತೇವೆ ಎಂದರು. ಎರಡೂ ಕಡೆ ಮಾತನಾಡಿದವರು ಒಳ್ಳೆಯ ಮಾತಿನವರೇ. ಸುಳ್ಳು ಹೇಳಲಿಲ್ಲ, ಗದರಲಿಲ್ಲ, ತಮ್ಮ ವ್ಯಾಪ್ತಿ ಎಲ್ಲಿಯವರೆಗೆ ಎಂಬುದನ್ನಷ್ಟೇ ತಿಳಿಸಿದರು. ನಾಲ್ಕನೆಯ ದಿನ ಯಾರೋ ಬಂದು ನೋಡುವಾಗ ಅಲ್ಲಿ ಉಳಿದಿದ್ದು ಚರ್ಮ ಮತ್ತು ಎಲುಬು ಮಾತ್ರ, ಪರೀಕ್ಷೆಗೆ ಕಳಿಸುವಂಥದ್ದೇನೂ ಇರಲಿಲ್ಲ. ಅದಾಗಿ ಇನ್ನೂ ನಾಲ್ಕು ದಿನಕ್ಕೆ ಆ ಮೂವರಲ್ಲಿ ಒಬ್ಬರಿಗೆ ಜ್ವರ ಬಂತು. ಕಣ್ಣು ಕೆಂಪೇರಿ, ಸೊಂಟ ಮತ್ತು ಮೀನಖಂಡ ಹಿಡಿದುಕೊಂಡು ಏಳಲಾರದಂತಾದಾಗ ಆಸ್ಪತ್ರೆಗೆ ಸೇರಿಸಿದೆವು. ಎರಡು ವಾರಗಳ ಮೇಲೆ ಅವರು ಮನೆಗೆ ಬಂದರು, ಮೊದಲಿನ ಹಾಗೆ ಕೆಲಸ ಮಾಡಲು ಮತ್ತೂ ಮೂರು ತಿಂಗಳು ಬೇಕಾಯಿತು. ಅವರು ಉಳಿದರು ಎಂಬ ಸಮಾಧಾನದ ಜೊತೆಗೆ, ಆ ನಾಲ್ಕು ದಿನಗಳ ಲೆಕ್ಕ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮಂಗನ ಕಾಯಿಲೆಯ ವಿಷಯದಲ್ಲಿ ನಾಲ್ಕು ದಿನವೆಂದರೆ ಎಷ್ಟು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ರೋಗದ ವೈರಸ್ಸನ್ನು ಹೊತ್ತು ತಿರುಗುವುದು ಕಾಡಿನ ಉಣುಗು, ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದು. ಇಲಿ, ಅಳಿಲು, ಹೆಗ್ಗಣಗಳ ನಡುವೆ ಸದ್ದಿಲ್ಲದೆ ಸುತ್ತುವ ವೈರಸ್ ಮುಸಿಯ ಮತ್ತು ಕೆಂಪು ಮಂಗಗಳಿಗೆ ತಗುಲಿದಾಗ ಅವು ಸಾಯುತ್ತವೆ. ಮಂಗ ಸತ್ತು ಮೈ ತಣ್ಣಗಾದೊಡನೆ ಅದರ ಮೇಲಿದ್ದ ನೂರಾರು ಉಣುಗುಗಳು ಕೆಳಗಿಳಿದು ಸುತ್ತಲಿನ ದರಕಿನಲ್ಲಿ ಹರಡಿಕೊಳ್ಳುತ್ತವೆ. ಅಲ್ಲಿಗೆ ಬರುವ ಇನ್ನೊಂದು ಮಂಗಕ್ಕೋ, ದನಕ್ಕೋ, ಸೊಪ್ಪು ಕೊಯ್ಯುವವರ ಕಾಲಿಗೋ ಹತ್ತುವುದಕ್ಕೆ ಅವು ಕಾದಿರುತ್ತವೆ. ಎಳೆಯ ಉಣುಗುಗಳ ಕಾಟ ಹೆಚ್ಚುವುದು ಡಿಸೆಂಬರಿನಿಂದ ಮಾರ್ಚ್, ಏಪ್ರಿಲ್‌ವರೆಗೆ. ಅಡಿಕೆ ತೋಟಕ್ಕೆ ದರಕು ತರುವುದೂ, ಬೆಟ್ಟದಲ್ಲಿ ಸೌದೆ ಮಾಡುವುದೂ ಸರಿಯಾಗಿ ಅದೇ ಕಾಲಕ್ಕೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳೊಳಗೆ ಜ್ವರ ಕಾಣಿಸಿಕೊಳ್ಳುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ರೋಗಿಯ ನೀರಿನಂಶ, ರಕ್ತ, ರಕ್ತದೊತ್ತಡ ಕಾಯ್ದುಕೊಂಡು ದೇಹ ತಾನೇ ಗೆಲ್ಲುವವರೆಗೆ ಆಧರಿಸಬೇಕು. ಹೀಗಿರುವಾಗ ಸತ್ತ ಮಂಗವೇ ನಮಗೆ ಸಿಗುವ ಮುನ್ನೆಚ್ಚರಿಕೆ. ಅದರ ಸುದ್ದಿ ಅದೇ ದಿನ ಸಿಕ್ಕಿದರೆ ಸುತ್ತ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಬಹುದು, ಜನರನ್ನು ತಡೆಯಬಹುದು, ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚುವ ಡೀಪಾ ಎಣ್ಣೆ ಹಂಚಬಹುದು. ನಾಲ್ಕು ದಿನ ಕಳೆದರೆ ಮುಂದಿನ ಸುದ್ದಿಯನ್ನು ಮನುಷ್ಯರ ಜ್ವರವೇ ತರುತ್ತದೆ.

1957ರಲ್ಲಿ ಈ ರೋಗ ಮೊದಲು ಗುರುತಿಗೆ ಬಂದ ಕ್ಯಾಸನೂರು ಕಾಡು ಇರುವುದು ಇದೇ ಸೊರಬ ತಾಲೂಕಿನಲ್ಲಿ. ಮಂಗಗಳು ಒಂದರ ಹಿಂದೊಂದು ಸಾಯುತ್ತಿವೆ, ಜೊತೆಗೆ ಜನರೂ ಮಲಗುತ್ತಿದ್ದಾರೆ ಎಂಬ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿದಾಗ, ಏಷ್ಯಾದಲ್ಲಿ ಎಂದೂ ಕಾಣದ ಹಳದಿ ಜ್ವರ ಬಂದೇ ಬಿಟ್ಟಿತೇನೋ ಎಂದು ವಿಜ್ಞಾನಿಗಳು ಗಾಬರಿಗೊಂಡಿದ್ದರು. ಸಿಕ್ಕಿದ ವೈರಸ್ ರಷ್ಯಾದ ಕಾಡುಗಳ ಉಣುಗು ಜ್ವರದ ಸಂಬಂಧಿಯೆಂದು ತಿಳಿದ ಮೇಲೆ, ಉತ್ತರದಿಂದ ಹಾರಿಬರುವ ವಲಸೆ ಹಕ್ಕಿಗಳು ಅದನ್ನು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನೆರವು ಕೊಟ್ಟ ಹಿನ್ನೆಲೆಯಲ್ಲಿ ಈ ಪ್ರಶ್ನೆಯೂ ಇತ್ತು. ಸೊರಬದ ಒಂದು ಕಾಡಿನ ರೋಗವನ್ನು ಅರಿಯಲು ಅಂದಿನವರು ಸೈಬೀರಿಯಾದವರೆಗೆ ಕಣ್ಣು ಹಾಯಿಸಿದ್ದರು ಎಂಬುದನ್ನು ನೆನೆದಾಗಲೆಲ್ಲ, ನಮ್ಮ ಅಗಳದ ಆಚೆಗೆ ಕಣ್ಣು ಹಾಯಿಸುವುದು ಇಷ್ಟು ಕಷ್ಟವೇಕಾಯಿತು ಎಂದು ನನಗೆ ಬೇಸರವಾಗುತ್ತದೆ.

ರೋಗವಂತೂ ಎಲ್ಲಿಯೂ ನಿಲ್ಲಲಿಲ್ಲ. ಸೊರಬ, ಸಾಗರಗಳಿಂದ ಹೊರಟು ನಮ್ಮ ಜಿಲ್ಲೆಯ ಹೊನ್ನಾವರ, ಭಟ್ಕಳ, ಸಿದ್ದಾಪುರ ಸೀಮೆಗೆ ಬಂತು. 1980ರ ದಶಕದ ಮೊದಲಲ್ಲಿ ಬೆಳ್ತಂಗಡಿಯ ಕಾಡಂಚಿನಲ್ಲಿ ಬಹಳ ಜನರನ್ನು ಬಲಿ ತೆಗೆದುಕೊಂಡಿತು. 2012ರಲ್ಲಿ ಬಂಡೀಪುರ, ಅದರ ಬೆನ್ನಿಗೇ ನೀಲಗಿರಿ ಮತ್ತು ಕೇರಳದ ವಯನಾಡು, 2015ರಲ್ಲಿ ಗೋವಾದ ಸತ್ತರಿ ತಾಲೂಕು, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗ, ಹೀಗೆ ಸಹ್ಯಾದ್ರಿಯ ಬೆನ್ನ ಮೇಲೆ ಹೆಜ್ಜೆಯಿಡುತ್ತ ಹೋಯಿತು. 2018–19ರಲ್ಲಿ ಸಾಗರದ ಅರಳಗೋಡು ತತ್ತರಿಸಿತು. 2024ರ ಆರಂಭದಲ್ಲಿ ಸಿದ್ದಾಪುರದ ಸರದಿ ಬಂತು. ಗೋವಾ ಮತ್ತು ಸಿಂಧುದುರ್ಗದಲ್ಲಿ ಗೇರು ಹಣ್ಣಿನ ಕಾಲದಲ್ಲಿ ತೋಪುಗಳಲ್ಲಿ ಕೆಲಸ ಮಾಡುವವರಿಗೆ ಇದು ಹತ್ತಿತು. ಅವರ ನಡುವೆ ಬೇರೆ ಊರುಗಳಿಂದ ಕೂಲಿಗೆ ಹೋದವರೂ ಇರುತ್ತಾರೆ. ಅಂಥವರು ಜ್ವರ ಬಂದಾಗ ತಮ್ಮ ಊರಿಗೆ ಮರಳಿ ಮಲಗಿದರೆ, ರೋಗಿಯ ಹೆಸರು ಒಂದು ರಾಜ್ಯದ ಪಟ್ಟಿಯಲ್ಲಿ, ಉಣುಗು ಇರುವ ಜಾಗ ಇನ್ನೊಂದು ರಾಜ್ಯದಲ್ಲಿ. ಪುಡಿ ಹಾಕಬೇಕಾದದ್ದು ಎಲ್ಲಿ ಎಂಬುದು ಪಟ್ಟಿ ಬರೆದವರಿಗೆ ತಿಳಿಯುವುದಿಲ್ಲ, ಪುಡಿ ಹಾಕಬೇಕಾದವರಿಗೆ ಪಟ್ಟಿ ಸಿಗುವುದಿಲ್ಲ.

ಇದಕ್ಕೊಂದು ಆಡಳಿತದ ಕಾರಣವೂ ಇದೆ, ನಾನು ಅದನ್ನು ಗಮನಿಸಿದ್ದು ತಡವಾಗಿ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆ ನೆರೆಯ ರಾಜ್ಯಗಳು ಒಟ್ಟಿಗೆ ಕೂತು ಮಾತನಾಡಲೆಂದು ವಲಯ ಮಂಡಳಿಗಳನ್ನು ಮಾಡಿತು. ಅದರಲ್ಲಿ ಕರ್ನಾಟಕ, ಕೇರಳ, ತಮಿಳುನಾಡು ದಕ್ಷಿಣ ವಲಯಕ್ಕೆ ಸೇರಿದರೆ, ಗೋವಾ ಮತ್ತು ಮಹಾರಾಷ್ಟ್ರ ಪಶ್ಚಿಮ ವಲಯದಲ್ಲಿವೆ. ವಯನಾಡಿನ ಸಂಗತಿಯನ್ನು ನಾವು ಒಂದು ಮೇಜಿನಲ್ಲಿ ಮಾತನಾಡಬಹುದು, ಸತ್ತರಿಯ ಸಂಗತಿ ಇನ್ನೊಂದು ಮೇಜಿನದು. ಕಾರವಾರದಿಂದ ಮಾಜಾಳಿ ದಾಟಿದರೆ ಗೋವಾದ ಪೋಳೆಂ, ಅಲ್ಲಿಂದ ಮಡಗಾಂವ್ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಅನ್ನ, ಔಷಧ, ಮದುವೆ ಸಂಬಂಧ ಎಲ್ಲವೂ ಆಚೆ ಕಡೆ ಇರುವಾಗ, ರೋಗದ ಮಾತಿಗೆ ಮಾತ್ರ ಖಾಯಂ ಆದ ಒಂದು ಕೂಡುಜಾಗವಿಲ್ಲ.

2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ಇದರ ಪರಿಣಾಮವನ್ನು ನಾವು ಕಣ್ಣಾರೆ ಕಂಡೆವು. ಕಾರವಾರದಲ್ಲಿರುವ ನನ್ನ ಸೋದರಮಾವ ಹೃದಯದ ತೊಂದರೆಗೆ ಮಡಗಾಂವಿನ ವೈದ್ಯರೊಬ್ಬರಲ್ಲಿ ತೋರಿಸಿಕೊಳ್ಳುತ್ತಿದ್ದರು. ಗಡಿ ಮುಚ್ಚಿದ ಮೇಲೆ ಅವರ ಗುಳಿಗೆ ಹುಡುಕುವುದೇ ಮನೆಯವರಿಗೆ ದಿನದ ಕೆಲಸವಾಯಿತು. ದಕ್ಷಿಣದಲ್ಲಿ, ಅದೇ ಕರಾವಳಿ ಹೆದ್ದಾರಿ ಕೇರಳಕ್ಕೆ ದಾಟುವ ತಲಪಾಡಿಯಲ್ಲಿ ದಾರಿ ಮುಚ್ಚಿ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಗಡಿಯಲ್ಲೇ ಸಿಕ್ಕಿಬಿದ್ದರು, ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸೋಂಕು ತಡೆಯಬೇಕೆಂಬ ಭಯ ನಿಜವಾದದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಆಂಬುಲೆನ್ಸ್ ಯಾವ ಷರತ್ತಿನಲ್ಲಿ ದಾಟಬೇಕು, ಆಚೆಯ ಆಸ್ಪತ್ರೆಗೆ ಮೊದಲೇ ಯಾರು ಹೇಳಬೇಕು ಎಂಬುದನ್ನು ಶಾಂತ ಕಾಲದಲ್ಲಿ ಬರೆದಿಟ್ಟಿದ್ದರೆ, ಜೀವ ಕೈಯಲ್ಲಿ ಹಿಡಿದು ಬಂದವರೊಡನೆ ಗೇಟಿನ ಬಳಿ ವಾದ ಮಾಡಬೇಕಾಗುತ್ತಿರಲಿಲ್ಲ.

ನಮ್ಮ ಅಜ್ಜಿ ಹೇಳುತ್ತಿದ್ದ ಮಾರಿ ಕಳಿಸುವ ಪದ್ಧತಿ ಇಂಥ ಹೊತ್ತಿನಲ್ಲಿ ನೆನಪಾಗುತ್ತದೆ. ಊರಿಗೆ ಸಿಡುಬೋ ವಾಂತಿಭೇದಿಯೋ ಬಂದರೆ ಮಾರಿಯ ಬೊಂಬೆ ಮಾಡಿ, ಬೇವು, ಅರಿಶಿನ, ಕುಂಕುಮವಿಟ್ಟು, ರಾತ್ರಿ ಹೊತ್ತು ಹೋಗಿ ಊರ ಗಡಿಯಾಚೆ ಇಟ್ಟು ಹಿಂತಿರುಗಿ ನೋಡದೆ ಬರುತ್ತಿದ್ದರಂತೆ. ಬೆಳಗ್ಗೆ ಅದನ್ನು ಕಂಡ ಪಕ್ಕದೂರಿನವರು ತಾವೂ ಪೂಜೆ ಮಾಡಿ ಮುಂದಿನ ಗಡಿಗೆ ಸಾಗಿಸುತ್ತಿದ್ದರು. ಹಿಂದಿನವರ ಆ ನಂಬಿಕೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ರೋಗ ಬಂದಿದೆ ಎಂಬ ಸುದ್ದಿಯಾದರೂ ಆ ಬೊಂಬೆಯ ಜೊತೆ ಒಂದೇ ರಾತ್ರಿಯಲ್ಲಿ ಪಕ್ಕದೂರಿಗೆ ಮುಟ್ಟುತ್ತಿತ್ತು. ಮುಂಬಯಿ ಪ್ಲೇಗಿನ ಹೊತ್ತಿನಲ್ಲಿ, ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಬಂದ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ದಾರಿಹೋಕರನ್ನು ತಡೆದು ತಪಾಸಣೆ ಮಾಡುವ ಅಧಿಕಾರ ಕೊಟ್ಟಿತು. 2020ರ ಕರ್ನಾಟಕದ ಕಾಯ್ದೆ ರಾಜ್ಯದ ಗಡಿಯನ್ನೇ ಮುಚ್ಚುವ ಅಧಿಕಾರ ಕೊಟ್ಟಿತು. ಗಡಿಯಾಚೆಯ ಆರೋಗ್ಯ ಕೇಂದ್ರಕ್ಕೆ ಈ ಹೊತ್ತೇ ಸುದ್ದಿ ಮುಟ್ಟಿಸಬೇಕೆಂಬ ಹೊಣೆಗೂ ಅಷ್ಟೇ ಬಲವಿರಬೇಕೆಂದು ನನಗೆ ಅನ್ನಿಸುತ್ತದೆ.

ಸುದ್ದಿ ಹೋಗುವುದೇ ಇಲ್ಲ ಎಂದು ಹೇಳಿದರೆ ತಪ್ಪಾದೀತು. ಆಶಾ ಕಾರ್ಯಕರ್ತೆಯಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ತಾಲೂಕಿಗೆ, ಜಿಲ್ಲೆಗೆ, ಬೆಂಗಳೂರಿಗೆ, ದೆಹಲಿಗೆ ಅದು ಹೋಗುತ್ತದೆ, ಈಗಂತೂ ಮೊಬೈಲಿನಲ್ಲೇ ದಾಖಲಾಗುತ್ತದೆ. ನಮ್ಮಲ್ಲಿ ಸುದ್ದಿ ಮೇಲೇರುತ್ತದೆ, ಪಕ್ಕಕ್ಕೆ ಹರಿಯುವುದಿಲ್ಲ. ಸಿದ್ದಾಪುರದಿಂದ ಕಾರವಾರದ ಜಿಲ್ಲಾ ಕೇಂದ್ರಕ್ಕೆ ಘಟ್ಟ ಇಳಿದು ನೂರೈವತ್ತು ಕಿಲೋಮೀಟರ್ ಹತ್ತಿರ ಹತ್ತಿರ ಆಗುತ್ತದೆ. ಸೊರಬದ ಚಂದ್ರಗುತ್ತಿ ನಮಗೆ ಸೈಕಲ್ಲಿನಲ್ಲಿ ಹೋಗಿ ಬರುವಷ್ಟು ದೂರ. ದೂರದ ಕಾರವಾರಕ್ಕೆ ಗೊತ್ತಾದದ್ದು ಹತ್ತಿರದ ಚಂದ್ರಗುತ್ತಿಗೆ ಗೊತ್ತಾಗಲು ಎರಡು ಜಿಲ್ಲಾ ಕೇಂದ್ರಗಳನ್ನು ಸುತ್ತಿ ಬರಬೇಕು. ಇದರ ಮೇಲೆ ಇಲಾಖೆಗಳ ಗಡಿಗಳು ಬೇರೆ. ಕಾಡಿನಲ್ಲಿ ಸತ್ತ ಮಂಗ ಅರಣ್ಯ ಇಲಾಖೆಗೆ ಸೇರಿದ್ದು, ಅದರ ಅಂಗಾಂಶ ತೆಗೆಯಬೇಕಾದವರು ಪಶುವೈದ್ಯರು, ಉಣುಗು ಹಿಡಿದು ಪರೀಕ್ಷೆಗೆ ಕಳಿಸುವವರು ಆರೋಗ್ಯ ಇಲಾಖೆಯವರು, ಜನರನ್ನು ಬೆಟ್ಟಕ್ಕೆ ಹೋಗದಂತೆ ತಡೆಯಬೇಕಾದದ್ದು ಪಂಚಾಯಿತಿ.

ಗಡಿ ದಾಟಿದ ಸಹಕಾರ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ಉದಾಹರಣೆಯಿದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಒಂದೇ ಮನೆಯಲ್ಲಿ ಒಬ್ಬರ ಹಿಂದೊಬ್ಬರು ವಿಚಿತ್ರ ಜ್ವರದಿಂದ ಮಲಗಿದಾಗ, ಅಲ್ಲಿನ ವೈದ್ಯರು ಮಾದರಿಯನ್ನು ಕಳಿಸಿದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ಮಣಿಪಾಲ ನಿಪಾ ಎಂದು ಗುರುತಿಸಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಹೀಗೆ ಎರಡನೆಯ ರೋಗಿಯ ಹಂತದಲ್ಲೇ ರೋಗದ ಹೆಸರು ಗೊತ್ತಾಗಿ, ಸಂಪರ್ಕದಲ್ಲಿದ್ದವರನ್ನು ಹುಡುಕಿ ಪ್ರತ್ಯೇಕಿಸುವ ಕೆಲಸ ಶುರುವಾಯಿತು. ಹದಿನೇಳು ಜನ ತೀರಿಕೊಂಡರು, ರೋಗಿಗಳ ಸೇವೆ ಮಾಡುತ್ತಿದ್ದ ನರ್ಸ್ ಲಿನಿ ಪುದುಶ್ಶೇರಿ ಅವರಲ್ಲೊಬ್ಬರು. ಆದರೂ ರೋಗ ತಿಂಗಳೊಪ್ಪತ್ತಿನಲ್ಲಿ ಹತೋಟಿಗೆ ಬಂತು. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಇದೇ ರೋಗ ಆಸ್ಪತ್ರೆಗಳೊಳಗೇ ಹರಡಿ ಜನ ಸತ್ತಾಗ ಅದು ನಿಪಾ ಎಂಬುದು ತಿಳಿದದ್ದು ಎಲ್ಲ ಮುಗಿದು ವರ್ಷಗಳಾದ ಮೇಲೆ. ಕೇರಳದ ರಕ್ತದ ಮಾದರಿ ಕರ್ನಾಟಕದ ಪ್ರಯೋಗಾಲಯಕ್ಕೆ ಬಂದದ್ದಕ್ಕೆ ಯಾವ ವಿಶೇಷ ಅಪ್ಪಣೆಯೂ ಬೇಕಾಗಿರಲಿಲ್ಲ. ಎರಡೂ ಕಡೆಯವರಿಗೆ ಪರಸ್ಪರ ಪರಿಚಯವಿತ್ತು, ಹತ್ತಿರದ ನಂಬುವಂಥ ಜಾಗ ಅದೆಂದು ಗೊತ್ತಿತ್ತು.

ಇನ್ನೊಂದು ಉದಾಹರಣೆ ದೂರದ್ದು. ಮೆಕಾಂಗ್ ನದಿಯ ಬದಿಯ ಆರು ದೇಶಗಳು, ಎಂದರೆ ಕಾಂಬೋಡಿಯಾ, ಚೀನಾ, ಲಾವೋಸ್, ಮ್ಯಾನ್ಮಾರ್, ಥಾಯ್ಲೆಂಡ್ ಮತ್ತು ವಿಯೆಟ್ನಾಂ, 2001ರಲ್ಲಿ ರೋಗಗಳ ಮೇಲೆ ಒಟ್ಟಿಗೆ ಕಣ್ಣಿಡುವ ಒಪ್ಪಂದ ಮಾಡಿಕೊಂಡವು. ಅದರಲ್ಲಿ ನನಗೆ ಹಿಡಿಸಿದ್ದು ರಾಜಧಾನಿಗಳ ಸಭೆಗಳಿಗಿಂತ ಗಡಿಯ ಜೋಡಿಗಳು. ಥಾಯ್ಲೆಂಡಿನ ಮುಕ್ದಾಹಾನ್ ಮತ್ತು ನದಿಯ ಆಚೆ ದಡದ ಲಾವೋಸಿನ ಸವನ್ನಖೇತ್ ಪ್ರಾಂತ್ಯಗಳ ಆರೋಗ್ಯ ಸಿಬ್ಬಂದಿ ನೇರವಾಗಿ ಮಾಹಿತಿ ಹಂಚಿಕೊಳ್ಳುತ್ತಾರೆ, ಕೂಡಿ ತರಬೇತಿ ಪಡೆಯುತ್ತಾರೆ, ರೋಗ ಕಂಡಾಗ ಕೂಡಿಯೇ ತನಿಖೆಗೆ ಇಳಿಯುತ್ತಾರೆ. ಒಂದು ಕಾಲಕ್ಕೆ ಪರಸ್ಪರ ಯುದ್ಧ ಮಾಡಿದ ದೇಶಗಳಿಗೆ ಸಾಧ್ಯವಾದದ್ದು ಒಂದೇ ಭಾಷೆಯ, ಒಂದೇ ಸರಕಾರದ ಎರಡು ಜಿಲ್ಲೆಗಳಿಗೆ ಏಕೆ ಆಗಬಾರದು? 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಮಹಾಮಾರಿ ಒಪ್ಪಂದವನ್ನು ಅಂಗೀಕರಿಸಿತು. ಒಳ್ಳೆಯದೇ ಆಯಿತು. ಆದರೆ ಅದರ ಫಲ ನಮ್ಮ ಅಗಳದವರೆಗೆ ಬರಬೇಕಾದರೆ ಇಲ್ಲಿಯ ಜೋಡಿಗಳನ್ನು ಇಲ್ಲಿಯವರೇ ಕಟ್ಟಬೇಕು: ಸಿದ್ದಾಪುರಕ್ಕೆ ಸೊರಬ ಮತ್ತು ಸಾಗರ, ಭಟ್ಕಳಕ್ಕೆ ಬೈಂದೂರು, ಜೋಯಿಡಾ ಮತ್ತು ಖಾನಾಪುರಕ್ಕೆ ಗೋವಾದ ಪಕ್ಕದ ತಾಲೂಕುಗಳು, ಕಾರವಾರಕ್ಕೆ ಕಾಣಕೋಣ.

ಅಂಥ ಜೋಡಿಗೆ ದೊಡ್ಡ ಕಟ್ಟಡ ಬೇಕಿಲ್ಲ. ದರಕು ಗುಡಿಸುವ ಕಾಲಕ್ಕೆ ಮುಂಚೆ, ದೀಪಾವಳಿಯ ಆಸುಪಾಸಿನಲ್ಲಿ, ಎರಡೂ ಕಡೆಯ ವೈದ್ಯಾಧಿಕಾರಿಗಳು, ಪಶುವೈದ್ಯರು, ಅರಣ್ಯ ರಕ್ಷಕರು, ಆಶಾ ಕಾರ್ಯಕರ್ತೆಯರು ಒಂದು ದಿನ ಕೂತು ಹಿಂದಿನ ಬೇಸಿಗೆಯಲ್ಲಿ ಮಂಗ ಸತ್ತ ಜಾಗಗಳನ್ನು ಒಂದೇ ನಕ್ಷೆಯಲ್ಲಿ ಗುರುತಿಸಿಕೊಳ್ಳಬೇಕು. ಜಿಲ್ಲೆಯ ಗಡಿಯಲ್ಲಿ ಮುಗಿದುಹೋಗುವ ನಕ್ಷೆಯಿಂದ ಉಣುಗಿನ ವಿಷಯದಲ್ಲಿ ಪ್ರಯೋಜನವಿಲ್ಲ. ಜ್ವರ ಬಂದವರ ಊರು ಯಾವುದು ಎಂದು ಬರೆಯುವ ಜೊತೆಗೆ, ಹಿಂದಿನ ಹತ್ತು ದಿನ ಅವರು ಯಾವ ಬೆಟ್ಟಕ್ಕೆ, ಯಾವ ಗೇರು ತೋಪಿಗೆ ಹೋಗಿದ್ದರು ಎಂದು ಬರೆದು ಆ ಜಾಗದ ಆರೋಗ್ಯ ಕೇಂದ್ರಕ್ಕೆ ಅವತ್ತೇ ತಿಳಿಸಬೇಕು. ಪ್ರಯೋಗಾಲಯದ ವರದಿ ಕೇಳಿದವರ ಜೊತೆಗೆ ಗಡಿಯ ಆಚೆಯವರಿಗೂ ಹೋಗಬೇಕು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ, 1990ರಿಂದ ಬಳಕೆಯಲ್ಲಿದ್ದ ಹಳೆಯ ಲಸಿಕೆಯ ಶಕ್ತಿ ಕುಂದಿತೆಂದು ಅದನ್ನು 2022ರಲ್ಲಿ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಂದಾಳತ್ವದಲ್ಲಿ ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬರುವಾಗ ಯಾವ ತಾಲೂಕಿಗೆ ಮೊದಲು ಎಂಬ ತೀರ್ಮಾನವೂ ಆ ಒಂದೇ ನಕ್ಷೆಯ ಮೇಲೆ ಆಗಬೇಕೆಂದು ನನ್ನ ಆಸೆ.

ಜನರ ಕಡೆಯಿಂದಲೂ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಂಗ ಸತ್ತಿದೆ ಎಂದು ಹೇಳಿದರೆ ಬೆಟ್ಟಕ್ಕೆ ಹೋಗಬೇಡಿ ಎನ್ನುತ್ತಾರೆ. ದಿನಗೂಲಿಯವರಿಗೆ ಅದು ಅನ್ನದ ಪ್ರಶ್ನೆ, ತೋಟದವರಿಗೆ ವರ್ಷದ ಗೊಬ್ಬರದ ಪ್ರಶ್ನೆ. ಹಾಗಾಗಿ ಕಂಡರೂ ಕಾಣದಂತೆ ಇರುವವರು ಎರಡೂ ಕಡೆ ಇದ್ದಾರೆ. ಬೆಟ್ಟ ಮುಚ್ಚಿದ ದಿನಗಳಿಗೆ ಕೂಲಿಯವರಿಗೆ ಬೇರೆ ಕೆಲಸ ಕೊಡುವ ಏರ್ಪಾಡನ್ನು ಪಂಚಾಯಿತಿಗಳು ಮಾಡದಿದ್ದರೆ ಈ ಮೌನ ಮುರಿಯುವುದಿಲ್ಲ.

ಆ ಜನವರಿಯ ಮುಂದಿನ ವರ್ಷದಿಂದ ನಮ್ಮ ಕೈಲಾದದ್ದನ್ನು ನಾವು ಮಾಡಿದ್ದೇವೆ. ಅಗಳದ ಎರಡೂ ಬದಿಯ ಏಳು ಊರುಗಳ ಆಶಾ ಕಾರ್ಯಕರ್ತೆಯರು, ಪಂಚಾಯಿತಿ ಸದಸ್ಯರು, ಇಬ್ಬರು ಅರಣ್ಯ ವಾಚರ್‌ಗಳು ಮತ್ತು ದರಕಿನ ಕೆಲಸದ ಮೇಸ್ತ್ರಿಗಳು ಸೇರಿದ ಒಂದು ವಾಟ್ಸ್ಆ್ಯಪ್ ಗುಂಪಿದೆ. ಅದರಲ್ಲಿ ಶುಭಾಶಯ ಹಾಕುವಂತಿಲ್ಲ. ಸತ್ತ ಮಂಗ ಕಂಡರೆ ದೂರದಿಂದ ಒಂದು ಫೋಟೊ, ಜಾಗದ ಗುರುತು, ಅಷ್ಟೇ. ಕಳೆದ ಫೆಬ್ರವರಿಯ ಒಂದು ಬೆಳಗ್ಗೆ ಎಂಟೂವರೆಗೆ ಅಂಥ ಫೋಟೊ ಬಂತು, ಈ ಸಲ ಮಂಗ ಬಿದ್ದದ್ದು ಅಗಳದ ಈಚೆ. ಮೊದಲು ತಲುಪಿದವರು ಸೊರಬದ ಕಡೆಯ ಪಶುವೈದ್ಯರು, ಹತ್ತಿರವಿದ್ದದ್ದು ಅವರೇ. ಮಧ್ಯಾಹ್ನದೊಳಗೆ ಅಗಳದ ಎರಡೂ ಬದಿಗೆ ಬಿಳಿ ಪುಡಿ ಬಿದ್ದಿತ್ತು. ಪರೀಕ್ಷೆಯ ಫಲಿತಾಂಶ ಬರುವವರೆಗೆ, ಹತ್ತು ದಿನ, ಎರಡೂ ಊರಿನ ಹೆಂಗಸರು ಆ ಬೆಟ್ಟಕ್ಕೆ ಕಾಲಿಡಲಿಲ್ಲ. ಆ ಮಂಗದಲ್ಲಿ ವೈರಸ್ ಸಿಗಲಿಲ್ಲ ಎಂಬ ಸಂದೇಶ ಗುಂಪಿಗೆ ಬಂದ ಮರುದಿನ, ಅಂದು ಜ್ವರ ಬಂದಿದ್ದ ಅದೇ ಹೆಂಗಸು ತೋಳಿಗೂ ಕಾಲಿಗೂ ಎಣ್ಣೆ ಹಚ್ಚಿಕೊಂಡು, ಸೀರೆಯ ಮೇಲೆ ಉದ್ದ ತೋಳಿನ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲು ದರಕಿನ ಬುಟ್ಟಿ ಎತ್ತಿದರು.